ಬೀಡ್ ಚೆನ್ನಾಗಿದೆ, ರೂಟ್ ಹೇಗಿದೆ?

"ನೋಡಿ ಸಾರ್, ಬೀಡ್ ಹೇಗೆ ಒಂದೇ ಸಮ ಬಂದಿದೆ!" ಪೀಣ್ಯದ ವೆಲ್ಡಿಂಗ್ ಶೆಡ್‌ಗಳಲ್ಲಿ ಇನ್‌ಸ್ಪೆಕ್ಷನ್‌ಗೆ ಹೋದಾಗ ನನಗೆ ಕೇಳಿಸುವ ಮೊದಲ ಮಾತು ಇದೇ. ಬೀಡ್, ಅಂದರೆ ವೆಲ್ಡ್ ಮಾಡಿದಾಗ ಮೇಲೆ ಕಾಣುವ ಲೋಹದ ಪಟ್ಟಿ, ನಿಜಕ್ಕೂ ಚೆನ್ನಾಗಿರುತ್ತದೆ. ಆದರೆ ಫಿಲೆಟ್ ವೆಲ್ಡ್‌ನಲ್ಲಿ (ಒಂದಕ್ಕೊಂದು ಅಡ್ಡ ನಿಂತ ಎರಡು ಪ್ಲೇಟ್‌ಗಳ ಮೂಲೆ ತುಂಬುವ ವೆಲ್ಡ್) ನಮಗೆ ಬೇಕಾದ ಸುದ್ದಿ ಒಳಗೆ, ಎರಡು ಪ್ಲೇಟ್ ಸೇರುವ ಮೂಲೆಯಲ್ಲಿ, ಅಂದರೆ ರೂಟ್‌ನಲ್ಲಿ ಇರುತ್ತದೆ. ಅದು ಹೊರಗಿನಿಂದ ಕಾಣುವುದಿಲ್ಲ.

ಫ್ಯೂಷನ್, ಪೆನೆಟ್ರೇಷನ್ ಎರಡನ್ನೂ ನಾವು ಸುಮ್ನೆ ಒಂದೇ ಅಂತ ಬಳಸುತ್ತೇವೆ. ಪ್ಲೇಟ್ ಕರಗಿ, ರಾಡ್‌ನ ಲೋಹದ ಜೊತೆ ಬೆರೆತು ಒಂದಾದರೆ ಅದು ಫ್ಯೂಷನ್. ಎಷ್ಟು ಆಳದವರೆಗೆ ಕರಗಿದೆ ಅನ್ನುವುದು ಪೆನೆಟ್ರೇಷನ್. ಸಾಮಾನ್ಯ ಫಿಲೆಟ್‌ಗೆ ಜಾಸ್ತಿ ಆಳ ಬೇಕಿಲ್ಲ. ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ (ಎಡಬ್ಲ್ಯುಎಸ್) ಡಿ1.1 ಕೋಡ್‌ನ ಮ್ಯಾಕ್ರೋ ಟೆಸ್ಟ್ (ವೆಲ್ಡನ್ನು ಅಡ್ಡ ಕತ್ತರಿಸಿ ನೋಡುವ ಪರೀಕ್ಷೆ) ಕೂಡ ರೂಟ್‌ವರೆಗೆ ಫ್ಯೂಷನ್ ಆಗಿರಬೇಕು ಅನ್ನುತ್ತದೆ, ಅದರಾಚೆಗೆ ಹೋಗಲೇಬೇಕು ಅಂತಿಲ್ಲ. ಆದರೆ ರೂಟ್ ಮುಟ್ಟದಿದ್ದರೆ ಕಥೆ ಬೇರೆ.

ಲೆಕ್ಕ ಹಾಕಿ ನೋಡಿ. ರೂಟ್‌ನಿಂದ ಪ್ಲೇಟ್ ಮೇಲೆ ವೆಲ್ಡ್ ಚಾಚಿದ ಉದ್ದ ಲೆಗ್, ರೂಟ್‌ನಿಂದ ವೆಲ್ಡ್‌ನ ಮುಖಕ್ಕೆ ಇರುವ ಅತಿ ಕಡಿಮೆ ದೂರ ಥ್ರೋಟ್. 6 ಮಿ.ಮೀ. ಲೆಗ್ ಇರುವ ಫಿಲೆಟ್‌ನ ಥ್ರೋಟ್ ಅದರ 0.7 ಪಟ್ಟು, ಅಂದರೆ 4.2 ಮಿ.ಮೀ. ಭಾರ ಹೊರುವುದು ಇದೇ. ಮೂಲೆಯಲ್ಲಿ ಎರಡೂ ಕಡೆ 2 ಮಿ.ಮೀ. ಕರಗದೆ ಟೊಳ್ಳು ಉಳಿದರೆ ಥ್ರೋಟ್ 2.8ಕ್ಕೆ ಇಳಿಯುತ್ತದೆ. ಮೂರರಲ್ಲಿ ಒಂದು ಪಾಲು ಹೋಯಿತು. ಲೆಗ್ ಅಳೆಯುವ ಗೇಜ್ ಮಾತ್ರ ಇನ್ನೂ 6 ಅಂತಲೇ ತೋರಿಸುತ್ತದೆ! ನಿಲ್ಲಿಸಿದ ಪ್ಲೇಟ್ ಕೆಳಗೆ ಗ್ಯಾಪ್ ಇದ್ದರೂ ಹೀಗೇ ಮೋಸವಾಗುತ್ತದೆ. ಅದಕ್ಕೇ ಗ್ಯಾಪ್ ಸುಮಾರು 1.5 ಮಿ.ಮೀ. ದಾಟಿದರೆ, ಗ್ಯಾಪ್ ಎಷ್ಟಿದೆಯೋ ಅಷ್ಟು ಲೆಗ್ ಹೆಚ್ಚಿಸಬೇಕು.

ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ ಅಂತಲ್ಲ. ಬೀಡ್‌ನ ಅಂಚು, ಅಂದರೆ ಟೋ, ಪ್ಲೇಟ್‌ಗೆ ನಯವಾಗಿ ಇಳಿದಿರಬೇಕು. ಉಬ್ಬಿಕೊಂಡು ಅಂಚಿನಲ್ಲಿ ಮಡಚಿದ ಹಾಗಿದ್ದರೆ ಅನುಮಾನ ಪಡಿ. ಅದು ಕಲ್ಲಿನ ಮೇಲೆ ಬಿದ್ದ ಮೇಣದ ಹನಿ ಹಾಗೆ, ಕೂತಿದೆ, ಬೆರೆತಿಲ್ಲ. ದಪ್ಪ ಪ್ಲೇಟ್ ಮೇಲೆ 0.8 ಮಿ.ಮೀ. ವೈರ್, 18 ವೋಲ್ಟ್ ಇಟ್ಟು ಮಿಗ್ (ಗ್ಯಾಸ್ ಕವಚದಲ್ಲಿ ವೈರ್ ಕರಗಿಸುವ ವೆಲ್ಡಿಂಗ್) ಹೊಡೆದರೆ ಇದು ಮಾಮೂಲು. ಸ್ಪ್ಯಾಟರ್ (ಸಿಡಿಯುವ ಲೋಹದ ಹನಿ) ಕಡಿಮೆ, ನೋಡೋಕೆ ಚೆಂದ, ಆದರೆ ಪ್ಲೇಟ್ ಕರಗುವಷ್ಟು ಬಿಸಿ ಇಲ್ಲ. ಮೇಲಿನಿಂದ ಕೆಳಕ್ಕೆ ಎಳೆದರಂತೂ ಕರಗಿದ ಲೋಹವೇ ಮುಂದೆ ಹರಿದು ಆರ್ಕ್‌ಗೆ, ಅಂದರೆ ಲೋಹ ಕರಗಿಸುವ ವಿದ್ಯುತ್ ಕಿಡಿಗೆ, ಅಡ್ಡ ಬರುತ್ತದೆ.

ಇನ್ನೊಂದು ನಂಬಿಕೆ ಇದೆ, "ಪ್ಲೇಟ್ ಹಿಂದೆ ನೀಲಿ ಬಂದಿದೆ, ಪೆನೆಟ್ರೇಷನ್ ಆಯ್ತು" ಅಂತ. ಸ್ಟೀಲ್ ನೀಲಿಯಾಗುವುದು ಸುಮಾರು 300 ಡಿಗ್ರಿಗೆ, ಕರಗುವುದು 1500ರ ಹತ್ತಿರ. ಆ ಬಣ್ಣ ಬಿಸಿ ತಲುಪಿದ್ದಕ್ಕೆ ಸಾಕ್ಷಿ, ಅಷ್ಟೇ. ಡೈ ಪೆನೆಟ್ರಂಟ್ (ಬಿರುಕು ತೋರಿಸುವ ಬಣ್ಣದ ದ್ರವ) ಹೊಡೆದರೂ ಮೇಲಿನ ಬಿರುಕು ಸಿಗುತ್ತದೆ, ರೂಟ್ ಅಲ್ಲ.

ಹಾಗಾದರೆ ಏನು ಮಾಡೋದು? ಜಾಬ್‌ಗೆ ಬಳಸುವ ಅದೇ ಪ್ಲೇಟ್, ಅದೇ ಸೆಟ್ಟಿಂಗ್‌ನಲ್ಲಿ ಒಂದು ಟಿ-ಜಾಯಿಂಟ್ ತುಂಡು ಮಾಡಿಸಿ. ಒಂದೇ ಕಡೆ ವೆಲ್ಡ್ ಹಾಕಿಸಿ, ರೂಟ್ ಬಿಚ್ಚಿಕೊಳ್ಳುವ ಹಾಗೆ, ವೆಲ್ಡ್ ಇರುವ ಕಡೆಗೇ ಪ್ಲೇಟನ್ನು ಬಗ್ಗಿಸಿ ಮುರಿಯಿರಿ. ವೈಸ್, ಸುತ್ತಿಗೆ ಇದ್ದರೆ ಸಾಕು. ಫ್ಯೂಷನ್ ಆದ ಕಡೆ ಮುರಿತ ಒರಟಾಗಿ, ಹೊಸದಾಗಿ ಹರಿದ ಲೋಹದ ಹಾಗೆ ಕಾಣುತ್ತದೆ. ಆಗದ ಕಡೆ ಪ್ಲೇಟಿನ ಹಳೇ ಮುಖವೇ ಇರುತ್ತದೆ. ಗ್ಯಾಸ್ ಕಟ್ಟಿಂಗ್ ಗೆರೆ, ಗ್ರೈಂಡಿಂಗ್ ಗೀಚು ಕೂಡ ಅಳಿಸಿರುವುದಿಲ್ಲ. ಮುರಿದ ತುಂಡು ನೋಡಿದ ಮೇಲೆ ವೆಲ್ಡರ್‌ಗೆ ಏನೂ ಹೇಳಬೇಕಾಗಿಲ್ಲ.

ಆಳ ಅಳೆಯಬೇಕೆಂದರೆ ಮ್ಯಾಕ್ರೋ ಮಾಡಿ. ಅಡ್ಡ ಕತ್ತರಿಸಿ, ಎಮರಿ ಪೇಪರ್‌ನಿಂದ ನುಣುಪು ಮಾಡಿ, ನೈಟಾಲ್ ಹಚ್ಚಿದರೆ ಕರಗಿದ ಜಾಗದ ಗಡಿ ಎದ್ದು ಕಾಣುತ್ತದೆ. ನೈಟಾಲ್ ಅಂದರೆ ಆಲ್ಕೋಹಾಲ್‌ನಲ್ಲಿ ನೈಟ್ರಿಕ್ ಆಸಿಡ್. ಆಸಿಡನ್ನೇ ಆಲ್ಕೋಹಾಲ್‌ಗೆ ಸ್ವಲ್ಪ ಸ್ವಲ್ಪ ಹಾಕಿ, ಯಾವತ್ತೂ ಉಲ್ಟಾ ಬೇಡ. ಕನ್ನಡಕ, ಗ್ಲೌಸ್ ಬೇಕೇ ಬೇಕು.

ರೂಟ್ ಸಿಗದಿದ್ದರೆ ಮೊದಲು ಕರೆಂಟ್, ರಾಡ್‌ನ ಕೋನ ನೋಡಿ. ಸಮ ದಪ್ಪದ ಪ್ಲೇಟ್‌ಗೆ 45 ಡಿಗ್ರಿ, ಒಂದು ದಪ್ಪ ಇದ್ದರೆ ಆರ್ಕ್ ಅದರ ಕಡೆ ಜಾಸ್ತಿ ಇರಲಿ. ವೀವಿಂಗ್ (ರಾಡನ್ನು ಅಕ್ಕಪಕ್ಕ ಆಡಿಸುವುದು) ಕಡಿಮೆ ಮಾಡಿ, ಆರ್ಕನ್ನು ಮೂಲೆಯಲ್ಲೇ ಹಿಡಿಯಲು ಹೇಳಿ. ಆಮೇಲೆ ಇನ್ನೊಂದು ತುಂಡು ಮುರಿಯಿರಿ. ಈ ಸಲ ವೆಲ್ಡ್ ನಿಲ್ಲಿಸಿ ಮತ್ತೆ ಶುರು ಮಾಡಿದ ಜಾಗವೂ ಆ ತುಂಡಿನಲ್ಲಿ ಬರುವ ಹಾಗೆ ನೋಡಿಕೊಳ್ಳಿ. ಫ್ಯೂಷನ್ ತಪ್ಪುವುದು ಹೆಚ್ಚಾಗಿ ಅಲ್ಲೇ.