ಬೆಲ್ಲದ ಪೋಸ್ಟರಿಗೆ ಕೈಬರಹದ ಫಾಂಟ್ ಒಪ್ಪುತ್ತದೆಯೇ?

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಅಚ್ಚು ಬೆಲ್ಲ, ಜೋನಿ ಬೆಲ್ಲವನ್ನು ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಂ ಮೂಲಕ ಮಾರುತ್ತೇವೆ. ಮನೆಯವರೇ ಮಾಡಿದ್ದೆಂದು ಅನಿಸಲಿ ಎಂದು ಪೋಸ್ಟರುಗಳನ್ನೆಲ್ಲ ಕೈಬರಹದಂಥ ಫಾಂಟಿನಲ್ಲೇ ಮಾಡಿಸಿದೆವು. ನೋಡಿದವರು ಚೆನ್ನಾಗಿದೆ ಎನ್ನುತ್ತಾರೆ. ಆಮೇಲೆ ಫೋನ್ ಮಾಡಿ ಬೆಲೆ ಎಷ್ಟು ಎಂದು ಕೇಳುತ್ತಾರೆ. ಬೆಲೆ ಪೋಸ್ಟರಿನಲ್ಲೇ ಇದೆ! ಈ ಫಾಂಟನ್ನು ಕೈಬಿಡಬೇಕೇ?

ಉತ್ತರ: ಕೈಬಿಡಬೇಡಿ. ಬೆಲೆಯನ್ನು ಮಾತ್ರ ಅದರಿಂದ ಬಿಡಿಸಿ.

ನಿಮ್ಮ ಪೋಸ್ಟರಿನಲ್ಲಿ ಎರಡು ಬಗೆಯ ಮಾತುಗಳಿವೆ. ಆಲೆಮನೆಯ ಹೆಸರು, ಅದರ ಕೆಳಗಿನ ಒಂದು ಸಾಲು: ಇವು ನೀವು ಎಂಥವರು ಎಂದು ಹೇಳುತ್ತವೆ. ಬೆಲೆ, ತೂಕ, ಫೋನ್ ನಂಬರ್, ಬೆಲ್ಲ ಕಳುಹಿಸುವ ದಿನ: ಇವನ್ನು ಓದಿಯೇ ಗಿರಾಕಿ ಹಣ ಕಳುಹಿಸಬೇಕು. ಕೈಬರಹದ ಫಾಂಟ್ ಮೊದಲನೆಯದಕ್ಕೆ ಸರಿ, ಎರಡನೆಯದಕ್ಕೆ ಸಲ್ಲದು. ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ತಯಾರಾದ ಪೋಸ್ಟರ್ ಮೊಬೈಲಿಗೆ ಬರುವಾಗ ಹೆಚ್ಚುಕಡಿಮೆ ಏಳು ಸೆಂಟಿಮೀಟರ್ ಅಗಲಕ್ಕೆ ಕುಗ್ಗಿರುತ್ತದೆ. ಅಷ್ಟರಲ್ಲಿ ತೆಳುವಾಗಿ ಬರೆದ ೧ ಮತ್ತು ೦, ೬ ಮತ್ತು ೭ ಒಂದನ್ನೊಂದು ಹೋಲತೊಡಗುತ್ತವೆ. ಬೆಲೆ ಕಣ್ಣಿಗೆ ಬಿದ್ದರೂ ನಂಬಿಕೆ ಬರುವುದಿಲ್ಲ. ಹಾಗಾಗಿ ಫೋನ್ ಮಾಡುತ್ತಾರೆ.

ಕನ್ನಡದಲ್ಲಿ ಈ ತೊಂದರೆ ಇಂಗ್ಲಿಷಿಗಿಂತ ಒಂದು ಕೈ ಹೆಚ್ಚು. ಇಂಗ್ಲಿಷಿನ ಕೈಬರಹದ ಫಾಂಟುಗಳಲ್ಲಿ ಅಕ್ಷರಗಳು ಪಕ್ಕಪಕ್ಕಕ್ಕೆ ಕೈಹಿಡಿದು ಸಾಗುತ್ತವೆ. ಫ್ರಾನ್ಸಿನ ರೋಜೆ ಎಕ್ಸ್‌ಕೊಫೋನ್ ತಮ್ಮದೇ ಕೈಬರಹವನ್ನು ಆಧರಿಸಿ 1953ರಲ್ಲಿ ತಂದ ಮಿಸ್ತ್ರಾಲ್ ಅಂಥದ್ದು. ನಮ್ಮ ಅಕ್ಷರಗಳು ಬಿಡಿಬಿಡಿಯಾಗಿ ನಿಂತು, ಮೇಲೆ ತಲೆಕಟ್ಟು, ಗುಡಿಸುಗಳನ್ನೂ ಕೆಳಗೆ ಒತ್ತುಗಳನ್ನೂ ಹೊರುತ್ತವೆ. ಮೇಲಿನ ಸಾಲಿನಲ್ಲಿ ‘ಬೆಳಿಗ್ಗೆ ಇಳಿಸಿದ ಬೆಲ್ಲ’ ಎಂದೂ ಅದರ ಕೆಳಗೆ ‘ಕಿಲೋ ಲೆಕ್ಕದಲ್ಲಿ’ ಎಂದೂ ಹಾಕಿ ನೋಡಿ. ಗ-ಒತ್ತು, ಲ-ಒತ್ತು ಕೆಳಗಿಳಿದು, ‘ಕಿ’ಯ ಗುಡಿಸು ಮೇಲೇರಿ, ಎರಡೂ ಡಿಕ್ಕಿ ಹೊಡೆಯುತ್ತವೆ. ಕೈಬರಹದ ಫಾಂಟುಗಳಲ್ಲಿ ಒತ್ತುಗಳ ಬಾಲ ಇನ್ನಷ್ಟು ಉದ್ದ. ಇಂಗ್ಲಿಷಿಗೆ ಇಡುವ ಸಾಲಿನ ಅಂತರ ಇಲ್ಲಿ ಸಾಲದು. ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಕಡಿಮೆ ಇಡಬೇಡಿ. ಎಲ್ಲಕ್ಕಿಂತ ಒಳ್ಳೆಯದು, ಈ ಫಾಂಟಿನಲ್ಲಿ ಎರಡನೇ ಸಾಲನ್ನೇ ಬರೆಯದಿರುವುದು. ‘ಆಲೆಮನೆ’ ಎಂಬ ಹೆಸರಿನಲ್ಲಿ ಒಂದು ಒತ್ತೂ ಇಲ್ಲ. ಅದೃಷ್ಟವಂತರು ನೀವು.

ಅಕ್ಷರ ತೆಳ್ಳಗಾಯಿತೆಂದು ‘ಬೋಲ್ಡ್’ ಒತ್ತುವ ಚಾಳಿ ಅನೇಕರಿಗಿದೆ. ಕೈಬರಹದ ಫಾಂಟುಗಳು ಸಾಮಾನ್ಯವಾಗಿ ಒಂದೇ ದಪ್ಪದಲ್ಲಿ ಬರುತ್ತವೆ. ದಪ್ಪ ಅಕ್ಷರ ಇಲ್ಲದಿದ್ದಾಗ ತಂತ್ರಾಂಶ ತಾನೇ ಸುತ್ತಲೂ ಮಸಿ ಬಳಿಯುತ್ತದೆ. ಆಗ ‘ಧ’ದ ಹೊಟ್ಟೆಯ ಸೀಳು ಮುಚ್ಚಿ ‘ದ’ ಆಗುತ್ತದೆ, ‘ಭ’ವು ‘ಬ’ ಆಗುತ್ತದೆ. ‘ಶುದ್ಧ’ ಎಂದು ದಪ್ಪಗೆ ಬರೆಯಲು ಹೊರಟವರ ಗತಿ ಊಹಿಸಿಕೊಳ್ಳಿ.

ಯಾವ ಫಾಂಟ್? ‘ನವಿಲು’ ಕೈಬರಹದ ಶೈಲಿಯ ಯೂನಿಕೋಡ್ ಫಾಂಟ್. ಗೂಗಲ್ ಫಾಂಟ್ಸ್‌ನಲ್ಲಿರುವ ‘ಹುಬ್ಬಳ್ಳಿ’ ಪೂರ್ತಿ ಕೈಬರಹವಲ್ಲ, ಆದರೂ ಸಲಿಗೆಯ ಅಕ್ಷರ. ಎರಡೂ ಮುಕ್ತ ಪರವಾನಗಿಯಲ್ಲಿವೆ, ವ್ಯಾಪಾರಕ್ಕೂ ಬಳಸಬಹುದು. ಬೇರೆ ಕಡೆಯಿಂದ ಇಳಿಸಿಕೊಂಡದ್ದಾದರೆ ‘ಸ್ವಂತ ಬಳಕೆಗೆ ಮಾತ್ರ’ ಎಂಬ ಷರತ್ತು ಇದೆಯೇ ನೋಡಿ. ಬೆಲ್ಲ ಮಾರುವುದು ಸ್ವಂತ ಬಳಕೆಯಲ್ಲ. ಬೆಲೆ, ನಂಬರುಗಳಿಗೆ ನೋಟೋ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ಸಾಕು. ಫೋಟೋಶಾಪ್‌ನಲ್ಲಿ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದರೆ ಫಾಂಟನ್ನು ಬೈಯಬೇಡಿ. ಅಕ್ಷರ ಜೋಡಣೆಯ ಆಯ್ಕೆಯನ್ನು ‘ವರ್ಲ್ಡ್ ರೆಡಿ’ಗೆ ಬದಲಿಸಿದರೆ ಸರಿಹೋಗುತ್ತದೆ.

ಚಿತ್ರದೊಳಗಿನ ಅಕ್ಷರಗಳನ್ನು ಯಾರೂ ಒತ್ತಿ ನಕಲು ಮಾಡಿಕೊಳ್ಳುವಂತಿಲ್ಲ ಎಂದೇ ಎಣಿಸಿ, ಬೆಲೆ ಮತ್ತು ನಂಬರನ್ನು ಚಿತ್ರದ ಕೆಳಗಿನ ಬರಹದಲ್ಲೂ ಹಾಕಿ. ಅಲ್ಲಿ ಇನ್‌ಸ್ಟಾಗ್ರಾಂ ನಿಮಗೆ ಫಾಂಟ್ ಬದಲಿಸಲು ಬಿಡುವುದಿಲ್ಲ. ಕೆಲವರು ಜಾಲತಾಣಗಳಿಂದ ಸೊಟ್ಟಸೊಟ್ಟ ಇಂಗ್ಲಿಷ್ ಅಕ್ಷರಗಳನ್ನು ತಂದು ಅಂಟಿಸುತ್ತಾರೆ. ಅವು ಫಾಂಟೇ ಅಲ್ಲ, ಗಣಿತಕ್ಕಾಗಿ ಯೂನಿಕೋಡ್‌ನಲ್ಲಿ ಸೇರಿಸಿದ ಚಿಹ್ನೆಗಳು. ಕಣ್ಣು ಕಾಣದವರ ಮೊಬೈಲ್ ಅವನ್ನು ಗಟ್ಟಿಯಾಗಿ ಓದುವಾಗ ಒಂದೊಂದಕ್ಕೂ ಗಣಿತದ ಹೆಸರು ಹೇಳಬಹುದು, ಇಲ್ಲವೇ ಹಾರಿಸಿಬಿಡಬಹುದು.

ಪೊಟ್ಟಣದ ಮಾತೇ ಬೇರೆ. ಅಲ್ಲಿ ಗರಿಷ್ಠ ಮಾರಾಟ ಬೆಲೆ, ನಿವ್ವಳ ತೂಕಗಳು ಸ್ಪಷ್ಟವಾಗಿ, ಎದ್ದು ಕಾಣುವಂತೆ ಇರಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮವೇ ಹೇಳುತ್ತದೆ. ಅಂಕಿಗಳ ಎತ್ತರಕ್ಕೂ ಅಳತೆ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆಯನ್ನು ಬಳ್ಳಿಯಂತೆ ಬರೆಸಲು ಹೋಗಬೇಡಿ.

ಇಷ್ಟಾಗಿಯೂ ನನ್ನ ಮೊದಲ ಸಲಹೆ ಫಾಂಟೇ ಅಲ್ಲ. ಫಾಂಟಿನಲ್ಲಿ ‘ಬೆಲ್ಲ, ಬೆಲ್ಲದ ಪುಡಿ’ ಎಂದು ಬರೆದರೆ ಎರಡು ‘ಬೆ’ಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರುತ್ತವೆ. ಮನುಷ್ಯರ ಕೈ ಹಾಗೆ ಬರೆಯುವುದಿಲ್ಲ. ನೋಡುವ ಕಣ್ಣಿಗೆ ಅದು ಹೇಗೋ ತಿಳಿದುಹೋಗುತ್ತದೆ. ಮನೆಯಲ್ಲಿ ಅಕ್ಷರ ಚೆನ್ನಾಗಿರುವವರಿಂದ ಆಲೆಮನೆಯ ಹೆಸರನ್ನು ಬಿಳಿ ಹಾಳೆಯ ಮೇಲೆ ದಪ್ಪ ಮಾರ್ಕರ್‌ನಲ್ಲಿ ಹತ್ತಾರು ಸಲ ಬರೆಸಿ. ಒಪ್ಪಿದ್ದನ್ನು ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಡಿಟಿಪಿಯವರಿಗೆ ಕೊಟ್ಟರೆ, ಅದರ ಅಂಚು ಗುರುತಿಸಿ ಎಷ್ಟು ದೊಡ್ಡದು ಮಾಡಿದರೂ ಒಡೆಯದ ಚಿತ್ರ ಮಾಡಿಕೊಡುತ್ತಾರೆ. ಮನೆಯಲ್ಲಿ ಅಂಥವರಿಲ್ಲದಿದ್ದರೆ ಬೋರ್ಡು ಬರೆಯುವವರನ್ನೋ, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಓದುವ ಮಕ್ಕಳನ್ನೋ ಕೇಳಿ. ಬರೆಸಿದ್ದಕ್ಕೆ ಹಣ ಕೊಡಿ. ಅದು ಪೋಸ್ಟರಿಗೆ ಮಾತ್ರವೇ, ಪೊಟ್ಟಣ, ಚೀಲ, ಗಾಡಿಯ ಮೇಲೂ ಬರುತ್ತದೆಯೇ ಎನ್ನುವುದನ್ನು ಮಾತ್ರ ಮೊದಲೇ ಹೇಳಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.