ಇನ್ಸುಲಿನ್ ಚುಚ್ಚಿದ ಜಾಗ: ಕುಳಿ ಹೋಯಿತು, ಗಂಟು ಉಳಿಯಿತು

1922ರ ಜನವರಿ 11ರಂದು ಟೊರಾಂಟೊದಲ್ಲಿ ಮಧುಮೇಹವಿದ್ದ 14 ವರ್ಷದ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಕೊಟ್ಟಾಗ ಚುಚ್ಚಿದ ಜಾಗದಲ್ಲಿ ಬಾವು ಎದ್ದಿತು. ಅದು ಸೋಂಕಿನಿಂದ ಬಂದದ್ದಲ್ಲ, ಮದ್ದಿನಲ್ಲಿದ್ದ ಕಲ್ಮಶದಿಂದ ಬಂದದ್ದು. ಜೀವರಸಾಯನಶಾಸ್ತ್ರಜ್ಞ ಜೇಮ್ಸ್ ಕಾಲಿಪ್ ಶುದ್ಧಗೊಳಿಸಿದ ಸಾರವನ್ನು ಜನವರಿ 23ರಿಂದ ಕೊಡತೊಡಗಿದಾಗ ಸಕ್ಕರೆಯೂ ಇಳಿಯಿತು, ಬಾವೂ ಬರಲಿಲ್ಲ.

ಆದರೂ ದನ, ಹಂದಿಗಳಿಂದ ತೆಗೆದ ಇನ್ಸುಲಿನ್ ಬಳಸುತ್ತಿದ್ದ ದಶಕಗಳಲ್ಲಿ ಕೆಂಪು, ತುರಿಕೆ ಮಾಮೂಲಾಗಿದ್ದವು. ಕೆಲವರಿಗೆ ಚರ್ಮದಡಿಯ ಕೊಬ್ಬು ಕರಗಿ ತೊಡೆಯಲ್ಲಿ ಕುಳಿ ಬೀಳುತ್ತಿತ್ತು. ಪರಕೀಯ ಪ್ರೋಟೀನಿನ ಮೇಲೆ ದೇಹದ ರೋಗನಿರೋಧಕ ವ್ಯವಸ್ಥೆ ತಿರುಗಿಬೀಳುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣ. 1970ರ ದಶಕದ ಹೆಚ್ಚು ಶುದ್ಧ ಇನ್ಸುಲಿನ್, 1982ರಲ್ಲಿ ಮಾರುಕಟ್ಟೆಗೆ ಬಂದ ಮಾನವ ಇನ್ಸುಲಿನ್ (ಮನುಷ್ಯನದರಂತೆಯೇ ಇರುವಂತೆ ತಯಾರಿಸಿದ್ದು) ಬಳಕೆಗೆ ಬಂದ ಮೇಲೆ ಕುಳಿ ಅಪರೂಪವಾಯಿತು.

ಚುಚ್ಚಿದ ಜಾಗದಲ್ಲಿ ಕಟ್ಟುವ ಗಂಟು ಮಾತ್ರ ಹೋಗಲಿಲ್ಲ, ಹೋಗುವಂತೆಯೂ ಇರಲಿಲ್ಲ. ಕೊಬ್ಬಿನ ಕೋಶಗಳನ್ನು ಬೆಳೆಸುವುದು ಇನ್ಸುಲಿನ್ನಿನದೇ ಗುಣ. ಒಂದೇ ಜಾಗಕ್ಕೆ ದಿನವೂ ಚುಚ್ಚಿದರೆ, ಅದೂ ಮೊಂಡಾದ ಹಳೆಯ ಸೂಜಿಯಿಂದ, ಅಲ್ಲಿ ಕೊಬ್ಬಿನ ಗಂಟು ಕಟ್ಟುತ್ತದೆ. ಅಲ್ಲಿ ನೋವು ಕಡಿಮೆ. ಹಾಗಾಗಿ ಕೈ ಮತ್ತೆ ಅಲ್ಲಿಗೇ ಹೋಗುತ್ತದೆ. ಗಂಟಿನೊಳಗಿನ ಮದ್ದು ಒಂದು ದಿನ ನಿಧಾನವಾಗಿ, ಇನ್ನೊಂದು ದಿನ ಬೇರೆಯೇ ವೇಗದಲ್ಲಿ ರಕ್ತ ಸೇರುತ್ತದೆ. ಸಕ್ಕರೆ ಏರಿತೆಂದು ಯೂನಿಟ್ ಹೆಚ್ಚಿಸುತ್ತಾರೆ. ಬಹುಪಾಲು ಗೊಂದಲ ಹುಟ್ಟುವುದು ಇಲ್ಲೇ ಎನ್ನಬೇಕು.

ಗಂಟನ್ನು ಹುಡುಕಬೇಕಾದದ್ದು ಕಣ್ಣಿನಿಂದಷ್ಟೇ ಅಲ್ಲ, ಬೆರಳಿನಿಂದಲೂ. ಸೋಪು ಹಚ್ಚಿದ ಬೆರಳತುದಿಯನ್ನು ಹೊಟ್ಟೆ, ತೊಡೆಯ ಮೇಲೆ ಜಾರಿಸಿದರೆ ಗಟ್ಟಿ ಅಥವಾ ರಬ್ಬರಿನಂಥ ಭಾಗ ಸಿಗುತ್ತದೆ. ಅಲ್ಲಿ ಚುಚ್ಚುವುದನ್ನು ನಿಲ್ಲಿಸಿ. ಕರಗಲು ತಿಂಗಳುಗಳೇ ಬೇಕಾಗಬಹುದು. ಆದರೆ ಒಮ್ಮೆಲೇ ಒಳ್ಳೆಯ ಜಾಗಕ್ಕೆ ಹೋದರೆ ಅದೇ ಡೋಸ್ ಹೆಚ್ಚು ಕೆಲಸಮಾಡಿ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಮೊದಲೇ ವೈದ್ಯರನ್ನು ಕೇಳಿ ಡೋಸ್ ತಗ್ಗಿಸಿಕೊಳ್ಳಿ, ಕೆಲವು ದಿನ ಪದೇಪದೇ ಸಕ್ಕರೆ ಪರೀಕ್ಷಿಸಿ.

ಹಿಂದೆ ಚುಚ್ಚಿದ ಜಾಗದಿಂದ ಕನಿಷ್ಠ 1 ಸೆಂ.ಮೀ. ದೂರ ಇರಲಿ. ಸೂಜಿ ಪ್ರತಿ ಬಾರಿಯೂ ಹೊಸದು. 4 ಮಿ.ಮೀ. ಸೂಜಿ ದಪ್ಪ ಮೈಯವರಿಗೂ ಸಾಕು. ಇನ್ಸುಲಿನ್ ಪೆನ್ನಿನ ಗುಂಡಿ ಪೂರ್ತಿ ಒತ್ತಿ 10 ಎಣಿಸಿದ ಮೇಲೆ ಸೂಜಿ ತೆಗೆಯಿರಿ, ಇಲ್ಲದಿದ್ದರೆ ಮದ್ದು ಹೊರಗೆ ಜಿನುಗುತ್ತದೆ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಮದ್ದು, ಆರದ ಸ್ಪಿರಿಟ್ ಎರಡೂ ಉರಿ ತರುತ್ತವೆ.

ಚುಚ್ಚಿದಲ್ಲಿ ಸಣ್ಣ ಕೆಂಪು ಬಂದರೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಬಿಸಿಯಾಗಿ ಹರಡುತ್ತಿದ್ದರೆ, ಕೀವು ಕಂಡರೆ ವೈದ್ಯರಿಗೆ ತೋರಿಸಿ. ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.