ಹೆಗಲ ಹೋಲ್‌ಸ್ಟರ್: ಭಾರ ಹೊರುವುದು ಪಟ್ಟಿ

ಪರವಾನಗಿ ಪಡೆದ ರಿವಾಲ್ವರ್ ಅಥವಾ ಪಿಸ್ತೂಲು ಹೊಂದಿರುವವರು ಹೆಗಲ ಹೋಲ್‌ಸ್ಟರ್, ಅಂದರೆ ಹೆಗಲ ಪಟ್ಟಿಗಳಿಂದ ಆಯುಧವನ್ನು ಕಂಕುಳಲ್ಲಿ ತೂಗಿಸುವ ಚೀಲ, ಹೊಲಿಸಲು ನನ್ನ ಬಳಿ ಬಂದಾಗ, ಮೊದಲು ಆಯುಧ ಕೂರುವ ಚೀಲದ ಚರ್ಮವನ್ನೇ ಒತ್ತಿ ನೋಡುತ್ತಾರೆ. ಬೆನ್ನಿನ ಮೇಲೆ ಹಾದುಹೋಗುವ ಪಟ್ಟಿಗಳನ್ನು ಮುಟ್ಟಿ ನೋಡುವವರು ತೀರ ಕಡಿಮೆ. ಆದರೆ ಸಂಜೆಯ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುವುದೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಆ ಪಟ್ಟಿಗಳಿಂದಲೇ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಟ್ಯಾಂಕ್ ಸಿಬ್ಬಂದಿ ಇಕ್ಕಟ್ಟಿನಲ್ಲಿ ಕುಳಿತೇ ಇರಬೇಕಾಗಿದ್ದರಿಂದ ಸೊಂಟದ ಹೋಲ್‌ಸ್ಟರ್ ಅವರಿಗೆ ಅಡ್ಡಿಯಾಗುತ್ತಿತ್ತು. ಅದಕ್ಕಾಗಿ ಬಳಕೆಗೆ ಬಂದ ಎಂ3 ಮಾದರಿಯಲ್ಲಿ, ಸುಮಾರು 1.1 ಕಿಲೋ ತೂಗುವ ಎಂ1911 ಪಿಸ್ತೂಲನ್ನು ಒಂದೇ ಹೆಗಲ ಪಟ್ಟಿ ಹೊರುತ್ತಿತ್ತು. ಅನಂತರದ ಎಂ7 ಮಾದರಿಗೆ ಎದೆಯನ್ನು ಬಳಸುವ ಇನ್ನೊಂದು ಪಟ್ಟಿ ಸೇರಿತು. ಇಂದಿನ ಒಳ್ಳೆಯ ಹೋಲ್‌ಸ್ಟರುಗಳಲ್ಲಿ ಪಟ್ಟಿಗಳು ಎರಡೂ ಹೆಗಲನ್ನು ಬಳಸಿ ಬಂದು, ಬೆನ್ನಿನ ನಡುವೆ ತಿರುಗುವ ಕೀಲಿನಲ್ಲಿ ಕೂಡುತ್ತವೆ. ಕೈ ಚಾಚಿದಾಗ ಪ್ರತಿ ಪಟ್ಟಿಯೂ ತನ್ನಷ್ಟಕ್ಕೆ ಹೊರಳಬೇಕು. ಕೀಲಿನ ಬದಲು ಬಿಗಿಯಾದ ಹೊಲಿಗೆ ಹಾಕಿದ್ದರೆ ಅದನ್ನು ಕೊಳ್ಳಬೇಡಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಕಾನ್ಪುರದಲ್ಲಿ ತಯಾರಾಗಿ 2014ರಲ್ಲಿ ಮಾರುಕಟ್ಟೆಗೆ ಬಂದ ‘ನಿರ್ಭೀಕ್’ ರಿವಾಲ್ವರಿನ ತೂಕ ಸುಮಾರು 500 ಗ್ರಾಂ. ಅಷ್ಟು ಹಗುರವಾದುದಕ್ಕೂ ಅಗಲ ಪಟ್ಟಿಯೇ ಹಿತ, ಏಕೆಂದರೆ ಕಿರಿದಾದ ಪಟ್ಟಿ ಅಂಗಿಯ ಮೇಲಿಂದಲೇ ಹೆಗಲನ್ನು ಕೊರೆಯುತ್ತದೆ. ಪಿಸ್ತೂಲಾದರೆ ಎದುರು ಕಂಕುಳಿಗೆ ಹೆಚ್ಚುವರಿ ಮ್ಯಾಗಜೀನಿನ (ಗುಂಡು ತುಂಬುವ ಡಬ್ಬಿಯ) ಚೀಲವಿರಲಿ. ತಕ್ಕಡಿಯಂತೆ ಎರಡೂ ಕಡೆ ತೂಗದಿದ್ದರೆ ಇಡೀ ಜೋಡಣೆ ಒಂದು ಮಗ್ಗುಲಿಗೆ ಜಾರುತ್ತದೆ. ಬಲಗೈ ಬಳಸುವವರ ಆಯುಧ ಎಡ ಕಂಕುಳಲ್ಲಿ ಕೂರುತ್ತದೆ, ಆದರೆ ನಮ್ಮ ಕಾರುಗಳಲ್ಲಿ ಚಾಲಕನ ಸೀಟ್ ಬೆಲ್ಟ್ ಹಾಯುವುದು ಬಲ ಹೆಗಲ ಮೇಲೆ. ಆದ್ದರಿಂದ ಪಟ್ಟಿಯ ಬಕಲ್ ಹೆಗಲ ನೆತ್ತಿಯಲ್ಲಿ ಬರದಂತೆ ನೋಡಿಕೊಳ್ಳಬೇಕು.

ಅಡ್ಡಲಾಗಿ ಕೂರಿಸುವ ಹೋಲ್‌ಸ್ಟರಿನಲ್ಲಿ ನಳಿಗೆ ಹಿಂದೆ ನಿಂತವರತ್ತ ಮುಖ ಮಾಡಿರುತ್ತದೆ. ಟ್ರಿಗರ್ ಪೂರ್ತಿ ಮುಚ್ಚಿ, ಮೇಲೆ ಗುಂಡಿಯ ಪಟ್ಟಿ ಭದ್ರವಾಗಿ ಕೂರುವಂಥದ್ದನ್ನು ಮಾತ್ರ ಆರಿಸಿ. ಉದ್ದ ನಳಿಗೆಯಾದರೆ ಕೆಳಮುಖವಾಗಿ ತೂಗುವುದೇ ವಾಸಿ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಆಯುಧ ಪೂರ್ಣವಾಗಿ ಮರೆಯಾಗಿರಬೇಕು, ಅಂದರೆ ಹೆಗಲ ಹೋಲ್‌ಸ್ಟರಿನ ಮೇಲೆ ಕೋಟು ಇರಲೇಬೇಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಇಡೀ ದಿನ ಕೋಟು ತೊಡಲಾಗದವರಿಗೆ ನಾನು ಈ ಹೋಲ್‌ಸ್ಟರನ್ನು ಹೊಲಿದುಕೊಡಲು ಒಪ್ಪುವುದಿಲ್ಲ; ಅವರಿಗೆ ಸೊಂಟದ್ದೇ ಸರಿ.

ಕೊಳ್ಳುವ ಮೊದಲು, ಗುಂಡು ತೆಗೆದಿರುವುದನ್ನು ಎರಡು ಬಾರಿ ಪರೀಕ್ಷಿಸಿ, ಮನೆಯಲ್ಲೇ ನಾಲ್ಕು ಗಂಟೆ ತೊಟ್ಟಿರಿ. ಕುಳಿತು, ಬಾಗಿ, ಮೆಟ್ಟಿಲು ಹತ್ತಿ ನೋಡಿ. ರಾತ್ರಿ ಆಯುಧವನ್ನು ಹೋಲ್‌ಸ್ಟರಿನಲ್ಲೇ ಬಿಡದೆ, ಒರೆಸಿ, ಬೀಗವಿರುವ ಪೆಟ್ಟಿಗೆಯಲ್ಲಿಡಿ. ಬೆವರು ಹೀರಿದ ಚರ್ಮ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಆ ಚರ್ಮವನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲೇ ಒಣಗಿಸಿ.